ಡಿಜಿಟಲ್ ಗಡಿಯಾರ ಸಮಯ ತಪ್ಪುತ್ತಿದೆಯೇ? ಟ್ರಿಮ್ಮರ್ ಮುಟ್ಟುವ ಮೊದಲು ಇಷ್ಟು ಮಾಡಿ

ಕಾರವಾರದ ನನ್ನ ರಿಪೇರಿ ಮೇಜಿಗೆ ಮಳೆಗಾಲದಲ್ಲಿ ಬರುವ ಡಿಜಿಟಲ್ ಗಡಿಯಾರಗಳಲ್ಲಿ ಹೆಚ್ಚಿನವಕ್ಕೆ ಒಂದೇ ಗುರುತು ಇರುತ್ತದೆ. ವೇಗ ತುಸು ಏರಿಳಿಸಲು ತಿರುಗಿಸುವ ಸಣ್ಣ ಕೆಪ್ಯಾಸಿಟರ್, ಅಂದರೆ ಟ್ರಿಮ್ಮರಿನ ತಲೆ ಸವೆದು ನುಣ್ಣಗಾಗಿರುತ್ತದೆ. ತಂದವರ ಮಾತೂ ಒಂದೇ: ‘ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ, ಎಷ್ಟು ತಿರುಗಿಸಿದರೂ ಸರಿಯಾಗಲಿಲ್ಲ.’

ಸರಿಯಾಗುವುದೂ ಇಲ್ಲ. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ 120 ಸೆಕೆಂಡ್ ತಪ್ಪಿದರೆ ಹತ್ತು ಲಕ್ಷಕ್ಕೆ ಸುಮಾರು 1,390 ಪಾಲು, ಅಂದರೆ 1,390 ಪಿಪಿಎಂ. ಟ್ರಿಮ್ಮರ್ ಎಳೆಯಬಲ್ಲದ್ದು ಕೆಲವು ಹತ್ತು ಪಿಪಿಎಂ ಮಾತ್ರ, ದಿನಕ್ಕೆ ಮೂರು ನಾಲ್ಕು ಸೆಕೆಂಡಿನ ಆಸುಪಾಸು. ಎರಡು ನಿಮಿಷದ ತಪ್ಪು ಬೇರೆಲ್ಲೋ ಇದೆ ಎಂದು ಸ್ಕ್ರೂಡ್ರೈವರ್ ಎತ್ತುವ ಮೊದಲೇ ಲೆಕ್ಕ ಹೇಳಿಬಿಡುತ್ತದೆ. ಈ ಲೆಕ್ಕ ಮಾಡದೆ ಕೈಹಾಕುವುದೇ ಎಲ್ಲರೂ ಸೋಲುವ ಜಾಗ. ಆದ್ದರಿಂದ ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ. ತಿದ್ದುವ ಕೆಲಸ ಏಳನೆಯ ಹಂತದಲ್ಲಿ ಬರುತ್ತದೆ, ಅದಕ್ಕೆ ಕಾರಣವಿದೆ.

ಬೇಕಾದ ಸಾಮಾನು

ಮಲ್ಟಿಮೀಟರ್, ಸಣ್ಣ ತುದಿಯ ಸೋಲ್ಡರಿಂಗ್ ಐರನ್, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರುಗಳು, 10 ಕಿಲೋಓಮ್ ರೆಸಿಸ್ಟರುಗಳು, ಪ್ಲಾಸ್ಟಿಕ್ ತುದಿಯ ಟ್ರಿಮ್ಮರ್ ಸ್ಕ್ರೂಡ್ರೈವರ್, ಒಂದು ನೋಟ್‌ಬುಕ್. ವಿದ್ಯುತ್ ಅಲೆ ತೋರಿಸುವ ಆಸಿಲೋಸ್ಕೋಪ್ (ಸ್ಕೋಪ್) ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ನೋಟ್‌ಬುಕ್ ಇಲ್ಲದಿದ್ದರೆ ನಡೆಯುವುದಿಲ್ಲ.

ಒಂದು ಎಚ್ಚರಿಕೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪ್ಯಾಸಿಟರ್ ಮೂಲಕ ನೇರವಾಗಿ 230 ವೋಲ್ಟ್ ಇಳಿಸಿಕೊಳ್ಳುವ ಅಗ್ಗದ ಗಡಿಯಾರಗಳಿವೆ. ಅವುಗಳ ಬೋರ್ಡಿನ ಯಾವ ಜಾಗವೂ ಮುಟ್ಟಲು ಸುರಕ್ಷಿತವಲ್ಲ. ಪ್ಲಗ್ ಹಾಕಿರುವಾಗ ಸ್ಕೋಪಿನ ನೆಲದ (ಗ್ರೌಂಡ್) ಕ್ಲಿಪ್ ಅದಕ್ಕೆ ಸಿಕ್ಕಿಸಲೇಬೇಡಿ.

ಹಂತ 1: ಏಳು ದಿನ ಬರೆದಿಡಿ

ಗಡಿಯಾರವನ್ನು ಸರಿಯಾದ ಸಮಯಕ್ಕೆ ಹೊಂದಿಸಿ ಬಿಟ್ಟುಬಿಡಿ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ರಾತ್ರಿ, ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ ಇದೆ ಎಂದು ಬರೆಯಿರಿ. ಪಕ್ಕದಲ್ಲಿ ಕರೆಂಟ್ ಹೋಗಿದ್ದ ಹೊತ್ತು, ಮಳೆ ಬಿಸಿಲು, ತೋಟದ ಪಂಪ್‌ಸೆಟ್ ಹಾಕಿದ ಹೊತ್ತು ಇವನ್ನೂ ಗುರುತಿಸಿ.

ಹೋಲಿಸುವ ಗಡಿಯಾರ ಯಾವುದು ಎಂಬಲ್ಲಿ ಅನೇಕರು ಎಡವುತ್ತಾರೆ. ಮೊಬೈಲ್ ಆ್ಯಪಿನಲ್ಲಿ ಬರುವ ಆಕಾಶವಾಣಿಯ ಪಿಪ್ ಧ್ವನಿಗೆ ಹೊಂದಿಸಬೇಡಿ. ಇಂಟರ್ನೆಟ್ ಪ್ರಸಾರ ಹಲವು ಸೆಕೆಂಡ್ ತಡವಾಗಿ ಬರುತ್ತದೆ, ಆ ತಡವೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಟಿ.ವಿ. ಪರದೆಯ ಮೂಲೆಯ ಸಮಯಕ್ಕೂ ಇದೇ ರೋಗ. ನೆಟ್‌ವರ್ಕಿನಿಂದ ಸಮಯ ಪಡೆಯುವ ಮೊಬೈಲಿನ ಸೆಕೆಂಡ್ ಅಂಕಿ ಸಾಕು. ಆದರೆ ಏಳೂ ದಿನ ಅದೇ ಮೊಬೈಲ್ ಇರಲಿ. ಮಧ್ಯದಲ್ಲಿ ಗಡಿಯಾರವನ್ನು ‘ಸ್ವಲ್ಪ ಸರಿ ಮಾಡಿ’ ಲೆಕ್ಕ ಕೆಡಿಸಬೇಡಿ.

ಹಂತ 2: ತಪ್ಪಿನ ಜಾತಿ ಗುರುತಿಸಿ

ನೋಟ್‌ಬುಕ್ಕಿನಲ್ಲಿ ಅಂಕಿಗಳು ದಿನವೂ ಒಂದೇ ಪ್ರಮಾಣದಲ್ಲಿ ಸರಿಯುತ್ತಿದ್ದರೆ ಅದು ಸರಿತ. ಮಿಡಿತ ಕೊಡುವ ಕ್ರಿಸ್ಟಲ್, ಅದರ ಕೆಪ್ಯಾಸಿಟರ್ ಅಥವಾ ಪ್ರೋಗ್ರಾಮಿನ ಲೆಕ್ಕ ಕಾರಣ. ಮೂರು ದಿನ ಸರಿಯಾಗಿದ್ದು ನಾಲ್ಕನೆಯ ದಿನ ಒಮ್ಮೆಲೇ ಒಂದು ನಿಮಿಷ ಹಾರಿದರೆ ಅದು ಜಿಗಿತ. ವಿದ್ಯುತ್ ಗದ್ದಲ, ರೀಸೆಟ್ (ಎಣಿಕೆಯನ್ನು ಸೊನ್ನೆಗೆ ತರುವುದು) ತೊಂದರೆ ಅಥವಾ ಬಟನ್ ಕಾರಣ. ಕರೆಂಟ್ ಹೋದಾಗಲೆಲ್ಲ ತಪ್ಪಿದರೆ ಬ್ಯಾಟರಿಯ ಕಡೆ ನೋಡಿ. ಜಿಗಿತಕ್ಕೆ ಟ್ರಿಮ್ಮರ್ ತಿರುಗಿಸಿದರೆ ಮೊದಲಿದ್ದ ಒಂದು ತಪ್ಪು ಎರಡಾಗುತ್ತದೆ.

ಕೆಲವು ಲಕ್ಷಣಗಳು ತಮ್ಮ ಹೆಸರನ್ನು ತಾವೇ ಹೇಳುತ್ತವೆ. ಸರಿಯಾಗಿ 5 ಗಂಟೆ 30 ನಿಮಿಷದ ವ್ಯತ್ಯಾಸವಿದ್ದರೆ ಭಾರತೀಯ ಕಾಲಮಾನದ 19,800 ಸೆಕೆಂಡನ್ನು ಪ್ರೋಗ್ರಾಂ ಕೂಡಿಸಿಲ್ಲ, ಅಥವಾ ಎರಡು ಸಲ ಕೂಡಿಸಿದೆ. 9 ಆದ ಮೇಲೆ 16 ಬಂದರೆ ಬಿಸಿಡಿ (ದಶಮಾನದ ಪ್ರತಿ ಅಂಕಿಗೂ ನಾಲ್ಕು ಬಿಟ್) ರೂಪದ ಅಂಕಿಯನ್ನು ಪರಿವರ್ತಿಸದೆ ತೋರಿಸುತ್ತಿದ್ದೀರಿ. ಪರದೆಯ ಮೇಲೆ 165:165:165 ಕಂಡರೆ ಸಮಯ ಎಣಿಸುವ ಆರ್‌ಟಿಸಿ ಚಿಪ್ (ಡಿಎಸ್1307, ಡಿಎಸ್3231 ಇಂಥವು) ಮಾತನಾಡುತ್ತಲೇ ಇಲ್ಲ. ಚಿಪ್ಪುಗಳು ಮಾತನಾಡುವ ತಂತಿಗಳಿಂದ (ಬಸ್) ಉತ್ತರವಿಲ್ಲದಾಗ ಓದಿದ ಎಲ್ಲ-ಒಂದುಗಳ ಬೈಟ್ ಬಿಸಿಡಿ ಪರಿವರ್ತನೆಯಲ್ಲಿ 165 ಆಗುತ್ತದೆ.

ಹಂತ 3: ವಿದ್ಯುತ್ ಮತ್ತು ಬ್ಯಾಟರಿ

ಮೊದಲು 50 ಹರ್ಟ್ಸ್ ಗಡಿಯಾರಗಳನ್ನು ಬೇರೆ ಇಡಿ. ಹಳೆಯ ಅಲಾರಂ ಗಡಿಯಾರಗಳಲ್ಲಿ ಕ್ರಿಸ್ಟಲ್ ಇರುವುದಿಲ್ಲ, ಗೋಡೆಯ ಕರೆಂಟಿನ ಅಲೆಗಳನ್ನೇ ಎಣಿಸುತ್ತವೆ. ನಮ್ಮ ಗ್ರಿಡ್ ಸಂಹಿತೆಯಲ್ಲಿ ಕಂಪನಾಂಕದ ಮಿತಿ 49.90ರಿಂದ 50.05 ಹರ್ಟ್ಸ್. ಒಂದು ದಿನದ ಸರಾಸರಿ 49.95 ಇದ್ದರೂ ಗಡಿಯಾರ 86 ಸೆಕೆಂಡ್ ಹಿಂದೆ ಬೀಳುತ್ತದೆ. ಡೀಸೆಲ್ ಜನರೇಟರ್ 49 ಹರ್ಟ್ಸ್‌ನಲ್ಲಿ ಓಡಿದರೆ ಪ್ರತಿ ಗಂಟೆಗೆ 72 ಸೆಕೆಂಡ್ ಹೋಯಿತು. ಇವುಗಳಿಗೆ ರಿಪೇರಿ ಇಲ್ಲ. ಎಣಿಕೆಯ ಮೂಲವನ್ನೇ ಕ್ರಿಸ್ಟಲ್‌ಗೆ ಬದಲಿಸಬೇಕು.

ಉಳಿದವುಗಳಲ್ಲಿ ರೆಗ್ಯುಲೇಟರಿನ ಒಳಬದಿಯ ವೋಲ್ಟೇಜ್ ಅಳೆಯಿರಿ. ಅಳೆಯಬೇಕಾದದ್ದು ನಿಮ್ಮ ಮೇಜಿನ ಮೇಲಲ್ಲ, ಗಡಿಯಾರ ನೇತುಹಾಕಿದ ಮನೆಯಲ್ಲಿ, ಸಂಜೆ ಏಳು ಗಂಟೆಗೆ. ಶಿರಸಿ ಕಡೆಯ ಒಳಹಳ್ಳಿಗಳಲ್ಲಿ ಲೈನಿನ ತುದಿಯ ಮನೆಗೆ ಆ ಹೊತ್ತಿಗೆ 160 ವೋಲ್ಟ್ ಬಂದರೆ, 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಡುವುದು ಸುಮಾರು 6.3. ಡಯೋಡ್ ಸೇತುವೆ ದಾಟಿ ಏರಿಳಿತ ಕಳೆದ ಮೇಲೆ ಐದು ವೋಲ್ಟ್ ಕೊಡುವ 7805 ರೆಗ್ಯುಲೇಟರಿಗೆ ಬೇಕಾದ ಏಳು ವೋಲ್ಟ್ ಸಿಗುವುದಿಲ್ಲ. ಹೊರಬದಿಯ ಐದು ವೋಲ್ಟ್ ಕುಸಿದು ಕುಸಿದು ಏಳುತ್ತದೆ. ಹಗಲು ನಿಮ್ಮ ಮೇಜಿನ ಮೇಲೆ ಅದೇ ಗಡಿಯಾರ ಅಪ್ಪಟ ಆರೋಗ್ಯವಂತ! 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿ, ಅಥವಾ 90ರಿಂದ 265 ವೋಲ್ಟಿನವರೆಗೆ ತಾಳುವ ಮೊಬೈಲ್ ಚಾರ್ಜರ್ ಮಾದರಿಯ ಪೂರೈಕೆ ಕೊಡಿ.

ಕರೆಂಟ್ ಹೋದಾಗ ಆರ್‌ಟಿಸಿ ನಡೆಸುವ ಬಿಲ್ಲೆ ಬ್ಯಾಟರಿಯ ವೋಲ್ಟೇಜನ್ನು ಬಿಲ್ಲೆಯ ಮೇಲೆ ಅಳೆದರೆ ಸಾಲದು, ಐಸಿಯ ಕಾಲಿನಲ್ಲಿ ಅಳೆಯಬೇಕು. ಡಿಎಸ್1307ರಲ್ಲಿ ಅದು 3ನೆಯ ಕಾಲು. ಕರಾವಳಿಯ ಉಪ್ಪುಗಾಳಿಗೆ ಬ್ಯಾಟರಿ ಹೋಲ್ಡರಿನ ತಗಡು ಹಸಿರುಗಟ್ಟಿ, ಬಿಲ್ಲೆಯಲ್ಲಿ 3.1 ವೋಲ್ಟ್ ಇದ್ದು ಕಾಲಿನಲ್ಲಿ ಒಂದೂ ಇಲ್ಲದ ಬೋರ್ಡುಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಾಲಿನಲ್ಲಿ 2 ವೋಲ್ಟಿಗಿಂತ ಕಡಿಮೆ ಇದ್ದರೆ ಬದಲಿಸಿ.

ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ, ಅದು ಯಾರಿಗೂ ಬೇಗ ಹೊಳೆಯುವುದಿಲ್ಲ. ಮುಖ್ಯ ಪೂರೈಕೆ ಬ್ಯಾಟರಿಯ 1.25 ಪಟ್ಟಿಗಿಂತ ಕೆಳಗಿಳಿದರೆ ಡಿಎಸ್1307 ಬಾಗಿಲು ಹಾಕಿಕೊಳ್ಳುತ್ತದೆ, ಓದಲೂ ಬಿಡುವುದಿಲ್ಲ. 3 ವೋಲ್ಟಿನ ಬಿಲ್ಲೆಗೆ ಈ ಗೆರೆ 3.75. ಹಾಗಾಗಿ ಈ ಚಿಪ್ಪಿಗೆ 3.3 ವೋಲ್ಟ್ ಕೊಟ್ಟರೆ ನಡೆಯದು. ಮರುಪೂರಣ ಮಾಡುವ ಬಿಲ್ಲೆ ಹಾಕಿ ಅದು 4.2 ವೋಲ್ಟಿಗೆ ತುಂಬಿತೆಂದರೆ ಗೆರೆ 5.25ಕ್ಕೆ ಏರಿತು. ಐದು ವೋಲ್ಟ್ ಪೂರ್ತಿ ಇದ್ದರೂ 165:165:165. ಬ್ಯಾಟರಿ ತೆಗೆದರೆ ಸರಿಯಾಗುತ್ತದೆ, ಹಾಕಿದರೆ ಕೆಡುತ್ತದೆ. ಹೀಗಾದರೆ ಚಿಪ್ ಎಸೆಯಬೇಡಿ, ಸಾದಾ ಸಿಆರ್2032 ಹಾಕಿ.

ಹಾಗೆಂದು ಎಲ್ಲೆಡೆ ಸಿಆರ್2032 ಹಾಕಬಾರದು. ಅಂಗಡಿಯಲ್ಲಿ ಸಿಗುವ ನೀಲಿ ಡಿಎಸ್3231 ಮಾಡ್ಯೂಲುಗಳಲ್ಲಿ ಬಿಲ್ಲೆಗೆ ಚಾರ್ಜ್ ಕೊಡುವ ಡಯೋಡ್ ಮತ್ತು 200 ಓಮ್ ರೆಸಿಸ್ಟರ್ ಇರುತ್ತವೆ. ಚಾರ್ಜ್ ಮಾಡಬಾರದ ಸಿಆರ್2032 ಅದರಲ್ಲಿ ಉಬ್ಬುತ್ತದೆ, ಸೋರುತ್ತದೆ. ಆ ರೆಸಿಸ್ಟರ್ ಕಿತ್ತು ಹಾಕಿದ ಮೇಲೆಯೇ ಬಿಲ್ಲೆ ಕೂರಿಸಿ.

ಹಂತ 4: ಕ್ರಿಸ್ಟಲ್ ಸುತ್ತ ತೊಳೆಯಿರಿ, ಆಮೇಲೆ ಅಳೆಯಿರಿ

ಕ್ರಿಸ್ಟಲ್ಲಿನ 32,768 ಹರ್ಟ್ಸ್ ಅಂದರೆ ಎರಡರ ಹದಿನೈದನೆಯ ಘಾತ. ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೊಂದು ಮಿಡಿತ. ಈ ಪುಟ್ಟ ಕ್ರಿಸ್ಟಲ್ಲನ್ನು ಚಿಪ್ ಅತಿ ಕಡಿಮೆ ಶಕ್ತಿಯಲ್ಲಿ ಆಡಿಸುತ್ತದೆ. ಹೀಗಾಗಿ ಕಾಲುಗಳ ನಡುವೆ ಉಳಿದ ಫ್ಲಕ್ಸ್ (ಬೆಸುಗೆಗೆ ಬಳಸಿದ ಅಂಟು) ಜೂನ್ ತಿಂಗಳ ತೇವ ಹೀರಿಕೊಂಡರೆ ಸಾಕು, ಗಡಿಯಾರ ತಡವರಿಸುತ್ತದೆ ಅಥವಾ ನಿಂತೇಬಿಡುತ್ತದೆ. ಏಪ್ರಿಲ್‌ನಲ್ಲಿ ಸರಿಯಿದ್ದದ್ದು ಜುಲೈಯಲ್ಲಿ ಕೆಟ್ಟರೆ ಮೊದಲ ಅನುಮಾನ ಇದರ ಮೇಲಿರಲಿ.

ಬ್ಯಾಟರಿ ತೆಗೆದು, ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಎರಡು ಸಲ ಉಜ್ಜಿ. ಬೂಷ್ಟು ಹಿಡಿದಿದ್ದರೆ ಮೂರು ಸಲ. ಒಣಗಿಸಲು ಪೆಟ್ಟಿಗೆಯೊಂದರಲ್ಲಿ ಸಣ್ಣ ಬಲ್ಬ್ ಉರಿಸಿ ಒಂದು ರಾತ್ರಿ ಇಡಿ. ಶಿರಸಿಯ ಗೆಳೆಯರೊಬ್ಬರು ಬೋರ್ಡನ್ನು ಅಡಿಕೆಯ ಜೊತೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ತಂದಿದ್ದರು. ತೇವ ಪೂರ್ತಿ ಹೋಗಿತ್ತು, ಅದರ ಜಾಗದಲ್ಲಿ ಮಸಿ ಕೂತಿತ್ತು. ಮಸಿಯೂ ಕರೆಂಟ್ ಹರಿಸುತ್ತದೆ.

ಈಗ ಅಳೆಯುವ ಮಾತು. ಸ್ಕೋಪಿನ ಪ್ರೋಬನ್ನು ಕ್ರಿಸ್ಟಲ್ ಕಾಲಿಗೆ ಮುಟ್ಟಿಸಬೇಡಿ. 10ಎಕ್ಸ್ ಪ್ರೋಬ್ ಕೂಡ ಹತ್ತು ಹದಿನೈದು ಪಿಕೋಫ್ಯಾರಡ್ ಸೇರಿಸುತ್ತದೆ, ಕ್ರಿಸ್ಟಲ್ಲಿಗೆ ಗೊತ್ತುಮಾಡಿದ ಇಡೀ ಕೆಪ್ಯಾಸಿಟನ್ಸ್ ಹೊರೆಯೇ 12.5 ಪಿಕೋಫ್ಯಾರಡ್. ಮುಟ್ಟಿಸಿದ ಕ್ಷಣ ಆಂದೋಲನ ನಿಲ್ಲಬಹುದು, ‘ಕ್ರಿಸ್ಟಲ್ ಸತ್ತಿದೆ’ ಎಂದು ತೀರ್ಪು ಕೊಟ್ಟುಬಿಡುತ್ತೀರಿ. ಕಲಿಯುವ ಹುಡುಗರು ಹೀಗೆ ಜೀವಂತ ಕ್ರಿಸ್ಟಲ್ಲುಗಳನ್ನು ಬದಲಿಸಿದ್ದಕ್ಕೆ ಲೆಕ್ಕವಿಲ್ಲ. ಡಿಎಸ್1307ರಲ್ಲಿ 7ನೆಯ ಕಾಲಿನ ಚೌಕ ಅಲೆಯನ್ನು ನೋಡಿ. ಅದು ತೆರೆದ ಡ್ರೈನ್ (ಕೆಳಕ್ಕೆ ಮಾತ್ರ ಎಳೆಯುವ) ಹೊರಬದಿ, 10 ಕಿಲೋಓಮ್ ಮೂಲಕ ಐದು ವೋಲ್ಟಿಗೆ ಎಳೆಯದಿದ್ದರೆ ಏನೂ ಕಾಣದು. ಅರ್ಧ ಮಾಡುತ್ತ ಹೋಗುವ ಸಿಡಿ4060 ಐಸಿ ಬಳಸಿದ್ದರೆ ನಾಲ್ಕು ಸಲ ಅರ್ಧವಾದ ಹೊರಬದಿಯಲ್ಲಿ 2,048 ಹರ್ಟ್ಸ್ ಸಿಗಬೇಕು. ಕೊನೆಯ ಹೊರಬದಿಯಲ್ಲಿ 2 ಹರ್ಟ್ಸ್ ಇರುತ್ತದೆ. ಅದನ್ನು ಇನ್ನೊಂದು ಫ್ಲಿಪ್‌ಫ್ಲಾಪಿನಿಂದ (ಒಂದು ಬಿಟ್ ನೆನಪಿಡುವ ಸರ್ಕಿಟ್) ಅರ್ಧ ಮಾಡಲು ಮರೆತವರ ಗಡಿಯಾರ ಎರಡು ಪಟ್ಟು ವೇಗದಲ್ಲಿ ಓಡುತ್ತದೆ.

ಮಲ್ಟಿಮೀಟರಿನ ಹರ್ಟ್ಸ್ ಓದುವಿಕೆಯಿಂದ ಸರಿತ ಅಳೆಯಲು ಹೋಗಬೇಡಿ. 20 ಪಿಪಿಎಂ ಅಂದರೆ 2,048 ಹರ್ಟ್ಸ್‌ನಲ್ಲಿ 0.04 ಹರ್ಟ್ಸ್. ನಿಮ್ಮ ಮೀಟರಿನೊಳಗಿನ ಕ್ರಿಸ್ಟಲ್ಲೇ ಅಷ್ಟು ತಪ್ಪಿರಬಹುದು. ಅಲೆ ಇದೆಯೇ ಇಲ್ಲವೇ ಎಂಬುದಕ್ಕೆ ಮೀಟರ್, ಎಷ್ಟು ಸರಿಯುತ್ತಿದೆ ಎಂಬುದಕ್ಕೆ ಒಂದನೆಯ ಹಂತದ ನೋಟ್‌ಬುಕ್.

ಕ್ರಿಸ್ಟಲ್ಲಿನ ಕೆಳಗೆ ಬೇರೆ ಸಿಗ್ನಲ್ ತಂತಿ ಹಾಯದಿರಲಿ. ಕಾಲುಗಳನ್ನು ಗಿಡ್ಡ ಮಾಡಿ. ಲೋಹದ ಕವಚವನ್ನು ನೆಲಕ್ಕೆ ಜೋಡಿಸುವಾಗ ಐರನ್ ಎರಡು ಸೆಕೆಂಡಿಗಿಂತ ಹೆಚ್ಚು ಇಡಬೇಡಿ, ಒಳಗೆ ಕಂಪಿಸುವ ಕವೆಯಾಕಾರದ ಹರಳು ಕೆಡುತ್ತದೆ. ಬದಲಿಸುವುದಾದರೆ ಡಿಎಸ್1307ಕ್ಕೆ 12.5 ಪಿಕೋಫ್ಯಾರಡಿನದೇ ಬೇಕು, ಹೊರಗಿನಿಂದ ಕೆಪ್ಯಾಸಿಟರ್ ಬೇಡ. ಅಂಗಡಿಯವರು 6 ಪಿಕೋಫ್ಯಾರಡಿನದನ್ನು ‘ಎಲ್ಲಾ ಒಂದೇ’ ಎಂದು ಕೊಡುತ್ತಾರೆ. ಒಂದೇ ಅಲ್ಲ.

ಹಂತ 5: ಎಣಿಕೆಯ ಐಸಿಗಳು ಮತ್ತು ಬಟನ್

ಜಿಗಿತದ ರೋಗಿಗಳು ಇಲ್ಲಿಗೆ ಬರುತ್ತಾರೆ. ಮೊದಲು ಪ್ರತಿ ಐಸಿಯ ಪೂರೈಕೆ ಕಾಲಿಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್ ಹಾಕಿ. ಸಿಮಾಸ್ ಜಾತಿಯ ಐಸಿಗಳ ಬಳಸದ ಒಳಬದಿಗಳನ್ನು ತೇಲಲು ಬಿಡದೆ ನೆಲಕ್ಕೋ ಪೂರೈಕೆಗೋ ಕಟ್ಟಿ. ಪಂಪ್‌ಸೆಟ್ ಹಾಕಿದಾಗ ನಿಮಿಷ ಹಾರುವ ಗಡಿಯಾರಗಳಲ್ಲಿ ಅರ್ಧ ಇಷ್ಟಕ್ಕೇ ಸುಮ್ಮನಾಗುತ್ತವೆ.

ಸುಮ್ಮನಾಗದಿದ್ದರೆ ರಿಪ್ಪಲ್ ಕೌಂಟರಿನ ಸ್ವಭಾವ ತಿಳಿದಿರಬೇಕು. 7493ರಂಥ ಕೌಂಟರಿನಲ್ಲಿ ಒಂದು ಫ್ಲಿಪ್‌ಫ್ಲಾಪ್ ಬಿದ್ದು ಮುಂದಿನದನ್ನು ತಳ್ಳುತ್ತದೆ, ಎಲ್ಲವೂ ಒಟ್ಟಿಗೆ ಬದಲಾಗುವುದಿಲ್ಲ. 7ರಿಂದ 8ಕ್ಕೆ ಹೋಗುವಾಗ 0111 ಇದ್ದದ್ದು 0110, 0100, 0000 ದಾಟಿ 1000 ತಲುಪುತ್ತದೆ. ಅಂದರೆ ಕೆಲವು ಹತ್ತು ನ್ಯಾನೋಸೆಕೆಂಡ್ ಅದು 6 ಆಗಿತ್ತು, 4 ಆಗಿತ್ತು, ಸೊನ್ನೆಯೂ ಆಗಿತ್ತು. ಕಣ್ಣಿಗೆ ಕಾಣದು. ಆದರೆ ‘6 ಬಂದರೆ ಅಲಾರಂ ಬಾರಿಸು’ ಎಂದು ಕಾಯುತ್ತಿರುವ ಗೇಟಿಗೆ ಕಾಣುತ್ತದೆ. ರೀಸೆಟ್ ಕೂಡ ಹೀಗೆಯೇ ಕೆಡುತ್ತದೆ. 60 ಕಂಡೊಡನೆ ರೀಸೆಟ್ ಆಗುತ್ತದೆ, ರೀಸೆಟ್ ಆದೊಡನೆ 60 ಮಾಯವಾಗಿ ರೀಸೆಟ್ ಮಿಡಿತವೂ ಮಾಯ. ಅಷ್ಟರಲ್ಲಿ ಒಂದು ಫ್ಲಿಪ್‌ಫ್ಲಾಪ್ ಇಳಿದು ಇನ್ನೊಂದು ಇಳಿಯದೆ ಉಳಿಯಬಹುದು. 59 ಆದ ಮೇಲೆ 00 ಬದಲು 20 ಅಥವಾ 40 ಕಂಡರೆ ಇದೇ ಕಾರಣ.

ರೀಸೆಟ್ ತಂತಿಗೆ ಕೆಪ್ಯಾಸಿಟರ್ ಕಟ್ಟಿ ತೇಪೆ ಹಾಕುವವರಿದ್ದಾರೆ. ಚಳಿಯಲ್ಲಿ ಸರಿ, ಸೆಕೆಯಲ್ಲಿ ಮತ್ತೆ ಹಾಡು ಶುರು. ಸರಿಯಾದ ದಾರಿ 74ಎಚ್‌ಸಿ163 ಕೌಂಟರ್ ಅಥವಾ ದಶಕ ಎಣಿಕೆಗೆ 162. ಇವುಗಳ ರೀಸೆಟ್ ಗಡಿಯಾರದ ಮಿಡಿತಕ್ಕೆ ಕಾದು ನಡೆಯುತ್ತದೆ. ಬದಲಿಸುವಾಗ ಒಂದು ತಿದ್ದುಪಡಿ ಬೇಕು. ಹತ್ತರ ಸ್ಥಾನದಲ್ಲಿ 6 ಅಲ್ಲ, 5 ಕಂಡಾಗ ರೀಸೆಟ್ ಸಿದ್ಧವಾಗಬೇಕು, ಏಕೆಂದರೆ ಅದು ಜಾರಿಯಾಗುವುದು ಮುಂದಿನ ಮಿಡಿತದಲ್ಲಿ. ಹಳೆಯ ಗೇಟನ್ನೇ ಉಳಿಸಿಕೊಂಡರೆ ನಿಮಿಷಕ್ಕೆ 70 ಸೆಕೆಂಡ್. 160 ಮತ್ತು 161 ಕೊಂಡು ತರಬೇಡಿ, ಅವುಗಳ ರೀಸೆಟ್ ಕಾಯುವುದಿಲ್ಲ.

ಬಟನ್ ಒಮ್ಮೆ ಒತ್ತಿದರೆ ಮೂರು ಗಂಟೆ ಮುಂದೆ ಹೋಗುವುದು ಪುಟಿತ. ಒತ್ತಿದ ಲೋಹ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. 10 ಕಿಲೋಓಮ್, 1 ಮೈಕ್ರೋಫ್ಯಾರಡ್, ಅದರ ಮುಂದೆ ಅಲೆಯ ಅಂಚನ್ನು ಚೊಕ್ಕ ಮಾಡುವ 74ಎಚ್‌ಸಿ14 ಹಾಕಿ. ಇಷ್ಟಾದರೂ ನಿಮ್ಮ ಬೆರಳಿಗೆ ಗಡಿಯಾರದ ಮಿಡಿತ ಗೊತ್ತಿಲ್ಲ. ಮಿಡಿತದ ಅಂಚಿನಲ್ಲೇ ಒತ್ತಿದರೆ ಫ್ಲಿಪ್‌ಫ್ಲಾಪ್ ಹೌದು ಅಲ್ಲಗಳ ನಡುವೆ ತೂಗಾಡುತ್ತದೆ, ಒಂದು ಕೌಂಟರ್ ಅದನ್ನು ಹೌದು ಎಂದೂ ಇನ್ನೊಂದು ಅಲ್ಲ ಎಂದೂ ಓದಬಹುದು. 74ಎಚ್‌ಸಿ74ರ ಎರಡು ಫ್ಲಿಪ್‌ಫ್ಲಾಪುಗಳನ್ನು ಸಾಲಾಗಿ, ಒಂದೇ ಮಿಡಿತದಲ್ಲಿ ಓಡುವಂತೆ ಕಟ್ಟಿ, ಎರಡನೆಯದರ ಹೊರಬದಿಯನ್ನು ಮಾತ್ರ ಬಳಸಿ. ಮೊದಲನೆಯದು ತೂಗಾಡಿದರೂ ಎರಡನೆಯದು ಓದುವಷ್ಟರಲ್ಲಿ ಒಂದು ಕಡೆ ಕೂತಿರುತ್ತದೆ.

ಹಂತ 6: ಪ್ರೋಗ್ರಾಂ

ಆರ್ಡುಯಿನೊ ಉನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಒಳಗಿನ ಎಣಿಕೆಯಿಂದಲೇ ಗಡಿಯಾರ ನಡೆಸುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಆರ್‌ಟಿಸಿ ಹಾಕಿ. ಅದರ ಸಿರಾಮಿಕ್ ರೆಸೊನೇಟರ್ 0.5 ಶೇಕಡಾ ತಪ್ಪಿದರೂ ದಿನಕ್ಕೆ ಏಳು ನಿಮಿಷ.

ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಅದೇ ಒಂದು ಹಳೆಯ ಸಮಯಕ್ಕೆ ಮರಳುತ್ತಿದ್ದರೆ ಬ್ಯಾಟರಿ ಬದಲಿಸುತ್ತ ಕೂರಬೇಡಿ. ಪ್ರೋಗ್ರಾಂ ಸಿದ್ಧವಾದ (ಕಂಪೈಲ್ ಆದ) ಸಮಯವನ್ನು ಆರ್‌ಟಿಸಿಗೆ ಬರೆಯುವ ಸಾಲು ಪ್ರೋಗ್ರಾಮಿನಲ್ಲಿ ಉಳಿದಿದೆ. ಒಮ್ಮೆ ಓಡಿಸಿ ಆ ಸಾಲನ್ನು ತೆಗೆಯಬೇಕು. ಗಾಳಿಮಳೆಗೆ ಮರ ಬಿದ್ದು ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಿನಲ್ಲಿ ಈ ತಪ್ಪು ಅಡಗಿರುವುದಿಲ್ಲ.

ಅಡಗಿರುವ ತಪ್ಪು ಬೇರೆ. ಕುಮಟೆಯಿಂದ ಬಂದ ಗಡಿಯಾರವೊಂದು ದಿನಕ್ಕೆ ಹನ್ನೆರಡು ಸೆಕೆಂಡಿನಷ್ಟು ಹಿಂದೆ ಬೀಳುತ್ತಿತ್ತು. ಕ್ರಿಸ್ಟಲ್ ಬದಲಿಸಿದೆ, ತೊಳೆದೆ, ಎರಡು ವಾರ ಹೋಯಿತು. ಕೊನೆಗೆ ಪ್ರೋಗ್ರಾಂ ಓದಿದಾಗ ಕಂಡದ್ದು: ‘ಭದ್ರತೆಗಾಗಿ’ ಗಂಟೆಗೊಮ್ಮೆ ಆರ್‌ಟಿಸಿಯಿಂದ ಸಮಯ ಓದಿ ಅದನ್ನೇ ಮರಳಿ ಬರೆಯುತ್ತಿತ್ತು. ಡಿಎಸ್1307ರ ಸೆಕೆಂಡ್ ರಿಜಿಸ್ಟರಿಗೆ ಬರೆದಾಗಲೆಲ್ಲ ಒಳಗಿನ ವಿಭಾಜಕ ಸೊನ್ನೆಗೆ ಬರುತ್ತದೆ, ಅರ್ಧ ಕಳೆದಿದ್ದ ಸೆಕೆಂಡ್ ಮತ್ತೆ ಮೊದಲಿನಿಂದ. ಸರಾಸರಿ ಅರ್ಧ ಸೆಕೆಂಡಿನಂತೆ 24 ಸಲ, ಲೆಕ್ಕ ಹನ್ನೆರಡು. ಬರೆಯುವ ಕಾರಣವಿಲ್ಲದಿದ್ದರೆ ಬರೆಯಬೇಡಿ. ಬರೆಯಲೇಬೇಕಾದರೆ ಸೆಕೆಂಡ್ ಬದಲಾದ ಕ್ಷಣ ಬರೆಯಿರಿ.

ಓದುವಾಗ ಗಂಟೆ, ನಿಮಿಷ, ಸೆಕೆಂಡ್ ಒಂದೇ ಉಸಿರಿನಲ್ಲಿ ಓದಿ. ಬೇರೆ ಬೇರೆಯಾಗಿ ಓದಿದರೆ 10:59:59ರಲ್ಲಿ ಗಂಟೆ ಓದಿ, ಅಂಚು ದಾಟಿದ ಮೇಲೆ ನಿಮಿಷ ಓದಿ, 10:00:00 ಎಂದು ತೋರಿಸುತ್ತೀರಿ.

ಹಂತ 7: ಈಗ ತಿದ್ದಿ

ಜಿಗಿತ ನಿಂತು, ಉಳಿದದ್ದು ಸಮನಾದ ಸರಿತ ಮಾತ್ರ ಎಂದಾದ ಮೇಲೆ ಮತ್ತೊಂದು ವಾರ ಬರೆದಿಡಿ. ಏಳು ದಿನಕ್ಕೆ 14 ಸೆಕೆಂಡ್ ಹಿಂದೆ ಬಿದ್ದರೆ 14 ಭಾಗಿಸು 6,04,800, ಅಂದರೆ 23 ಪಿಪಿಎಂ ನಿಧಾನ.

ಟ್ರಿಮ್ಮರ್ ಇದ್ದರೆ ಕೆಪ್ಯಾಸಿಟನ್ಸ್ ಹೆಚ್ಚಿಸಿದಷ್ಟೂ ನಿಧಾನ, ತಗ್ಗಿಸಿದಷ್ಟೂ ವೇಗ. ಪ್ಲಾಸ್ಟಿಕ್ ತುದಿಯಿಂದ ಎಂಟನೆಯ ಒಂದು ಸುತ್ತು ತಿರುಗಿಸಿ, ಕೈ ತೆಗೆದು, ಮೂರು ದಿನ ಕಾಯಿರಿ. ಲೋಹದ ಸ್ಕ್ರೂಡ್ರೈವರ್ ಮುಟ್ಟಿರುವಾಗ ಕಾಣುವ ವೇಗ, ಬಿಟ್ಟ ಮೇಲಿನ ವೇಗ ಬೇರೆ ಬೇರೆ.

ಡಿಎಸ್1307ರಲ್ಲಿ ತಿರುಗಿಸಲು ಏನೂ ಇಲ್ಲ. ದಿನಕ್ಕೆ ಎರಡು ಸೆಕೆಂಡ್ ನಿಧಾನವಿದ್ದರೆ ಪ್ರೋಗ್ರಾಂ 12 ಗಂಟೆಗೊಮ್ಮೆ ಒಂದು ಸೆಕೆಂಡ್ ಸೇರಿಸಲಿ, ಮೇಲೆ ಹೇಳಿದಂತೆ ಅಂಚಿನಲ್ಲಿ.

ಡಿಎಸ್3231ರಲ್ಲಿ ವಯಸ್ಸಿನ ತಿದ್ದುಪಡಿಗೆಂದೇ ಒಂದು ರಿಜಿಸ್ಟರ್ ಇದೆ, ವಿಳಾಸ ಹೆಕ್ಸ್ 10. ಒಂದೊಂದು ಅಂಕಿಗೆ ಸುಮಾರು 0.1 ಪಿಪಿಎಂ, ಧನ ಸಂಖ್ಯೆ ನಿಧಾನಗೊಳಿಸುತ್ತದೆ. ತಿಂಗಳಿಗೆ 3 ಸೆಕೆಂಡ್ ಮುಂದೆ ಓಡಿದರೆ 1.16 ಪಿಪಿಎಂ, ಆದ್ದರಿಂದ 12 ಬರೆಯಿರಿ. ಚಿಹ್ನೆ ತಿರುವುಮುರುವು ಮಾಡಿದರೆ ತಪ್ಪು ಇಮ್ಮಡಿಯಾಗುತ್ತದೆ. ಕರೆಂಟ್, ಬ್ಯಾಟರಿ ಎರಡೂ ಇಲ್ಲವಾದರೆ ಈ ಅಂಕಿ ಅಳಿಸಿಹೋಗುತ್ತದೆ, ಬೋರ್ಡಿನ ಹಿಂದೆ ಬರೆದಿಡಿ. ಈ ಚಿಪ್ 0ರಿಂದ 40 ಡಿಗ್ರಿಯವರೆಗೆ 2 ಪಿಪಿಎಂ ಒಳಗಿರಬೇಕು, ವಾರಕ್ಕೆ 1.2 ಸೆಕೆಂಡ್. ದಿನಕ್ಕೇ ಎರಡು ಸೆಕೆಂಡ್ ತಪ್ಪುವ ಡಿಎಸ್3231 ಸಿಕ್ಕಿದರೆ ತಿದ್ದಲು ಕೂರಬೇಡಿ. ಅದು ನಕಲಿ, ಇಲ್ಲವೇ ಕೆಟ್ಟದ್ದು.

ಸಾದಾ ಕ್ರಿಸ್ಟಲ್‌ಗೆ ಹವೆಯ ಮಿತಿಯೂ ಇದೆ. 25 ಡಿಗ್ರಿಯಲ್ಲಿ ಅದು ಅತಿ ವೇಗ, ತಂಪಾದರೂ ನಿಧಾನ, ಬಿಸಿಯಾದರೂ ನಿಧಾನ. 15 ಡಿಗ್ರಿಯ ಶಿರಸಿಯ ಚಳಿಗೂ 35 ಡಿಗ್ರಿಯ ಕಾರವಾರದ ಸೆಕೆಗೂ ಒಂದೇ ನಷ್ಟ, ದಿನಕ್ಕೆ 0.3 ಸೆಕೆಂಡ್. ತಗಡಿನ ಮಾಡಿನಡಿ 45 ಡಿಗ್ರಿಯಾದರೆ 1.2 ಸೆಕೆಂಡ್. ಮೇ ತಿಂಗಳಲ್ಲಿ ಹೊಂದಿಸಿದ್ದು ಆಗಸ್ಟ್‌ನಲ್ಲಿ ಮುಂದೆ ಓಡಿದರೆ ಮತ್ತೆ ತಿರುಗಿಸಬೇಡಿ.

ತೇವ ತಡೆಯುವ ಲೇಪ ಹಾಕುವುದಿದ್ದರೆ ತಿದ್ದುವ ಮೊದಲೇ ಹಾಕಿ. ಲೇಪವೂ ಒಂದಿಷ್ಟು ಕೆಪ್ಯಾಸಿಟನ್ಸ್ ಸೇರಿಸುತ್ತದೆ.

ಹಂತ 8: ಜಿಪಿಎಸ್ ಜೋಡಿಸುವವರಿಗೆ

ಎರಡು ಮೂರು ಗಡಿಯಾರ ಒಟ್ಟಿಗೆ ಮಿಡಿಯಬೇಕೆಂದರೆ ಜಿಪಿಎಸ್ ಮಾಡ್ಯೂಲಿನ ಸೆಕೆಂಡ್ ಮಿಡಿತ ಬಳಸಿ. ಮಿಡಿತ ಬಂದ ಮೇಲೆ ತಡವಾಗಿ ಬರುವ ಅಕ್ಷರಗಳ ಸಾಲು ಆಗಷ್ಟೇ ಕಳೆದ ಮಿಡಿತದ ಸಮಯ ಹೇಳುತ್ತದೆ. ಸಾಲು ಬಂದಾಗ ಪರದೆ ಬದಲಿಸಿದರೆ ಗಡಿಯಾರ ಕಾಲು ಅರ್ಧ ಸೆಕೆಂಡ್ ಹಿಂದೆ. ಹಿಂದಿನ ಸಾಲಿಗೆ ಒಂದು ಸೇರಿಸಿ ಇಟ್ಟುಕೊಂಡು ಮಿಡಿತಕ್ಕೆ ತೋರಿಸಿ. ಆನ್ ಮಾಡಿದ ಮೊದಲ ಕೆಲವು ನಿಮಿಷ ಸಮಯ ಒಂದೆರಡು ಸೆಕೆಂಡ್ ತಪ್ಪಿರಬಹುದು. ಅಧಿಕ ಸೆಕೆಂಡಿನ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಸೇರಿಸುವ ಸೆಕೆಂಡ್) ಮಾಹಿತಿ ಉಪಗ್ರಹದಿಂದ ಬರಲು 12.5 ನಿಮಿಷದವರೆಗೆ ಬೇಕು. ಅಷ್ಟು ಕಾದ ಮೇಲೆಯೇ ಆರ್‌ಟಿಸಿಗೆ ಬರೆಯಿರಿ. ಆಂಟೆನಾವನ್ನು ಹಂಚಿನಡಿ ಬಿಡದೆ ಅಂಗಳಕ್ಕೆ ತನ್ನಿ. ಅಡಿಕೆ ಮರಗಳ ನೆರಳು ತಪ್ಪುವ ಜಾಗ ನಮ್ಮ ಕಡೆ ಹುಡುಕಬೇಕಾಗುತ್ತದೆ, ಹೆಚ್ಚಾಗಿ ಅದು ಬಾವಿಕಟ್ಟೆಯ ಪಕ್ಕ ಇರುತ್ತದೆ.